ಹಳೆಯ ಡೀಸೆಲ್ ಎಂಜಿನುಗಳಲ್ಲಿ ಬೂಸ್ಟ್ ಒತ್ತಡದ ಇಳಿತ: ದೋಷನಿರ್ಣಯದ ಚರಿತ್ರೆ

೧. ಪೀಠಿಕೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಮಾತ್ರ ದಾಖಲಿಸುವುದು ವಾಡಿಕೆ. ಯಂತ್ರವನ್ನು ಯಾರು, ಯಾವ ವರ್ಷದಲ್ಲಿ ನಿರ್ಮಿಸಿದರು ಎಂಬುದು ಒಂದು. ಅದು ಯಾವ ದೇಶಕ್ಕೆ ಎಂದು ಬಂದಿತು ಎಂಬುದು ಇನ್ನೊಂದು. ಬಂದ ಯಂತ್ರವು ಕೆಟ್ಟಾಗ ಅದರ ಕಾರಣವನ್ನು ಹೇಗೆ ಕಂಡುಕೊಂಡರು, ಆ ಅರಿವು ಯಾರ ಕೈಯಲ್ಲಿ ಬೆಳೆಯಿತು, ಎಲ್ಲಿ ಉಳಿಯಿತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಯಂತ್ರದ ಆಯುಸ್ಸಿನಲ್ಲಾದರೋ ನಿರ್ಮಾಣದ ಕಾಲ ಅತ್ಯಲ್ಪವಾದುದು. ದುಡಿಮೆಯ ಮತ್ತು ದುರಸ್ತಿಯ ಕಾಲ ಮೂವತ್ತು ನಲವತ್ತು ವರ್ಷಗಳಷ್ಟು ದೀರ್ಘವಾದುದು. ಆ ದೀರ್ಘ ಕಾಲವನ್ನು ಬಿಟ್ಟು ಬರೆದ ಚರಿತ್ರೆ ಅಪೂರ್ಣವೆಂದೇ ಹೇಳಬೇಕು.

ಪ್ರಕೃತ ಲೇಖನದಲ್ಲಿ ನಾವು ಒಂದೇ ಒಂದು ದೋಷವನ್ನು ಎತ್ತಿಕೊಂಡಿದ್ದೇವೆ. ಟರ್ಬೋಚಾರ್ಜರ್ ಇರುವ ಡೀಸೆಲ್ ಎಂಜಿನು ಹಳೆಯದಾದ ಮೇಲೆ ಅದರ ಬೂಸ್ಟ್ ಒತ್ತಡ ಇಳಿಯುವುದೇ ಆ ದೋಷ. ಕಾರ್ಖಾನೆಗಳಲ್ಲಿಯೂ ರಸ್ತೆಯ ಬದಿಯ ಗ್ಯಾರೇಜುಗಳಲ್ಲಿಯೂ ಇದನ್ನು ‘ಗಾಡಿ ಎಳೆಯುತ್ತಿಲ್ಲ’, ‘ಪಿಕಪ್ ಇಲ್ಲ’ ಎಂಬ ಮಾತುಗಳಿಂದ ಹೇಳುತ್ತಾರೆ. ಈ ಮಾತುಗಳನ್ನು ಕೇಳಿದೊಡನೆ ಟರ್ಬೋಚಾರ್ಜರನ್ನೇ ಅಪರಾಧಿಯೆಂದು ನಿಶ್ಚಯಿಸಿ ಅದನ್ನು ಕಳಚಿಹಾಕುವ ಪದ್ಧತಿಯೂ ಉಂಟು. ಆದರೆ ಈ ದೋಷದ ಚರಿತ್ರೆಯನ್ನು ಪರಿಶೀಲಿಸಿದರೆ, ಕಾರಣವು ಬಹು ಸಂದರ್ಭಗಳಲ್ಲಿ ಟರ್ಬೋದ ಹೊರಗೆ ಇದ್ದುದು ಕಂಡುಬರುತ್ತದೆ. ಇಂದು ಅನುಭವಿಗಳಾದ ಕೆಲಸಗಾರರು ಅನುಸರಿಸುವ ಪರೀಕ್ಷೆಯ ಕ್ರಮದ ಒಂದೊಂದು ಹೆಜ್ಜೆಗೂ ಹಿಂದೆ ನಡೆದ ಒಂದೊಂದು ಸೋಲಿನಲ್ಲಿ ಸಮರ್ಥನೆಯುಂಟು. ಇದನ್ನು ತೋರಿಸುವುದು ಈ ಲೇಖನದ ಮೊದಲ ಉದ್ದೇಶ. ಆ ಅರಿವಿನ ದಾಖಲೆಗಳು ನಮ್ಮ ನಾಡಿನಲ್ಲಿ ಅಳಿಯುವುದಕ್ಕೆ ಮುನ್ನ ಚರಿತ್ರಕಾರರು ಅವುಗಳ ಕಡೆಗೆ ಗಮನ ಕೊಡಬೇಕೆಂದು ಸೂಚಿಸುವುದು ಎರಡನೆಯದು.

೨. ಒತ್ತಡದ ಸ್ವರೂಪ

ಡೀಸೆಲ್ ಎಂಜಿನಿನ ಸಿಲಿಂಡರು ಎಷ್ಟು ಗಾಳಿಯನ್ನು ಒಳಕ್ಕೆ ತೆಗೆದುಕೊಳ್ಳಬಲ್ಲುದೋ ಅಷ್ಟಕ್ಕೆ ತಕ್ಕ ಇಂಧನವನ್ನು ಮಾತ್ರ ಚೆನ್ನಾಗಿ ಸುಡಬಲ್ಲುದು. ಸಾಧಾರಣ ಎಂಜಿನಿನಲ್ಲಿ ಗಾಳಿಯು ವಾತಾವರಣದ ಒತ್ತಡದಿಂದಲೇ ಒಳಸೇರುತ್ತದೆ. ಟರ್ಬೋಚಾರ್ಜರ್ ಇರುವ ಎಂಜಿನಿನಲ್ಲಿ, ಹೊರಹೋಗುವ ಬಿಸಿ ಅನಿಲವು ಒಂದು ಟರ್ಬೈನ್ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಕಂಪ್ರೆಸರ್ ಚಕ್ರವು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ಕಳುಹಿಸುತ್ತದೆ. ವಾತಾವರಣದ ಒತ್ತಡಕ್ಕಿಂತ ಮೇಲೆ ಹೀಗೆ ದೊರೆತ ಹೆಚ್ಚಳಕ್ಕೆ ಬೂಸ್ಟ್ ಒತ್ತಡವೆಂದು ಹೆಸರು. ಇಂಧನದ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೊಗೆಯ ಕೊಳವೆಯಲ್ಲಿ ವ್ಯರ್ಥವಾಗಿ ಹೋಗುವುದೆಂಬುದನ್ನು ನೆನೆದರೆ, ಈ ಉಪಾಯದ ಬೆಲೆ ತಿಳಿಯುತ್ತದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಟರ್ಬೈನನ್ನು ತಿರುಗಿಸುವ ಅನಿಲದ ಬಲವು ಸುಟ್ಟ ಇಂಧನವನ್ನು ಅವಲಂಬಿಸಿದೆ. ಸುಡಬಹುದಾದ ಇಂಧನವಾದರೋ ಕಂಪ್ರೆಸರ್ ಕೊಟ್ಟ ಗಾಳಿಯನ್ನು ಅವಲಂಬಿಸಿದೆ. ಕಾರಣವು ಕಾರ್ಯವನ್ನೂ, ಕಾರ್ಯವು ಮರಳಿ ಕಾರಣವನ್ನೂ ಪೋಷಿಸುವ ಒಂದು ವರ್ತುಲ ಇದು. ಈ ವರ್ತುಲದ ಯಾವ ಎಡೆಯಲ್ಲಿ ಊನ ಬಂದರೂ ಅಳತೆಯ ಗೇಜಿನಲ್ಲಿ ಕಾಣುವ ಫಲ ಒಂದೇ: ಒತ್ತಡ ಕಡಿಮೆ. ಇಂಧನದ ಫಿಲ್ಟರು ಕಟ್ಟಿಕೊಂಡರೂ ಒತ್ತಡ ಇಳಿಯುತ್ತದೆ. ಗಾಳಿಯ ಹೋಸ್ ಪೈಪು ಸೀಳಿದರೂ ಇಳಿಯುತ್ತದೆ. ಆದುದರಿಂದ ಗೇಜಿನ ಮುಳ್ಳು ದೋಷವಿದೆಯೆಂದು ಹೇಳುವ ಸಾಕ್ಷಿಯೇ ಹೊರತು ದೋಷ ಎಲ್ಲಿದೆಯೆಂದು ಹೇಳುವ ಸಾಕ್ಷಿಯಲ್ಲ. ಒಂದೇ ಶಾಸನದ ಆಧಾರದ ಮೇಲೆ ರಾಜವಂಶದ ಪತನಕ್ಕೆ ಕಾರಣ ಹೇಳಲಾಗದಂತೆ, ಇಲ್ಲಿಯೂ ಬೇರೆ ಬೇರೆ ಸಾಕ್ಷ್ಯಗಳನ್ನು ಒಂದಕ್ಕೊಂದು ತಾಳೆನೋಡುವುದು ಅವಶ್ಯಕವಾಗುತ್ತದೆ.

೩. ಬ್ಯೂಖಿಯ ಪ್ರಯತ್ನಗಳು

ಈ ವ್ಯವಸ್ಥೆಯ ಮೂಲಪುರುಷನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ೧೮೭೯ರಲ್ಲಿ ವಿಂಟರ್‌ಥೂರ್ ಪಟ್ಟಣದಲ್ಲಿ ಹುಟ್ಟಿ, ಝೂರಿಕ್ಕಿನ ತಾಂತ್ರಿಕ ವಿದ್ಯಾಪೀಠದಲ್ಲಿ ಓದಿದ ಈತನು, ೧೯೦೫ರಲ್ಲಿ ಹೊರಹೋಗುವ ಅನಿಲದಿಂದ ಟರ್ಬೈನನ್ನು ನಡೆಸಿ ಎಂಜಿನಿಗೆ ಗಾಳಿ ತುಂಬುವ ವಿಧಾನಕ್ಕೆ ಪೇಟೆಂಟನ್ನು ಪಡೆಯಲು ಮುಂದಾದನು. ಮುಂದೆ ವಿಂಟರ್‌ಥೂರಿನ ಸುಲ್ಜರ್ ಸಂಸ್ಥೆಯಲ್ಲಿದ್ದಾಗ ಆತನು ಪ್ರಯೋಗಗಳನ್ನು ನಡೆಸಿದನು. ೧೯೧೫ರ ಸುಮಾರಿಗೆ ಸಿದ್ಧವಾದ ಮಾದರಿಯು ಬಳಕೆಗೆ ಬರಲಿಲ್ಲ. ಅಂದಿನ ಟರ್ಬೈನು ಮತ್ತು ಕಂಪ್ರೆಸರುಗಳ ಕಾರ್ಯಸಾಮರ್ಥ್ಯ ಕಡಿಮೆಯಾಗಿತ್ತು. ಅತಿಯಾದ ಶಾಖವನ್ನು ತಾಳುವ ಲೋಹಗಳೂ ಇನ್ನೂ ಹದಗೊಂಡಿರಲಿಲ್ಲ. ಒತ್ತಡದ ಕೊರತೆಯೆಂಬುದು ಹಳೆಯ ಎಂಜಿನುಗಳಿಗೆ ಮುಪ್ಪಿನಲ್ಲಿ ಬಂದ ರೋಗವಷ್ಟೇ ಅಲ್ಲ, ಈ ಯಂತ್ರಕ್ಕೆ ಹುಟ್ಟಿನೊಡನೆಯೇ ಅಂಟಿಬಂದ ಸಮಸ್ಯೆ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

೧೯೨೪ರಲ್ಲಿ ಬಾಡೆನ್ನಿನ ಬ್ರೌನ್ ಬೊವೆರಿ ಸಂಸ್ಥೆಯು ಡೀಸೆಲ್ ಎಂಜಿನಿಗೆಂದು ತನ್ನ ಮೊದಲ ಟರ್ಬೋಚಾರ್ಜರನ್ನು ತಯಾರಿಸಿತು. ಮರುವರ್ಷ, ಎಂದರೆ ೧೯೨೫ರಲ್ಲಿ, ಬ್ಯೂಖಿಯು ತನ್ನ ಎರಡನೆಯ ಮುಖ್ಯ ಸಲಹೆಯನ್ನು ಮುಂದಿಟ್ಟನು. ಎಲ್ಲ ಸಿಲಿಂಡರುಗಳ ಅನಿಲವನ್ನೂ ಒಂದೇ ದೊಡ್ಡ ಕೊಳವೆಗೆ ಸುರಿದರೆ, ಒಂದು ಸಿಲಿಂಡರಿನಿಂದ ಹೊಮ್ಮುವ ಅನಿಲದ ಅಲೆಯು ಮತ್ತೊಂದರ ಉಸಿರಿಗೆ ಅಡ್ಡಿಯಾಗುತ್ತದೆ. ಅಲೆಯ ಬಲವೂ ಕರಗಿಹೋಗುತ್ತದೆ. ಅದಕ್ಕೆ ಬದಲಾಗಿ, ಒಂದರ ಕಾಲಕ್ಕೆ ಮತ್ತೊಂದು ಅಡ್ಡಬಾರದಂತೆ ಸಿಲಿಂಡರುಗಳನ್ನು ಗುಂಪುಗೂಡಿಸಿ, ಒಂದೊಂದು ಗುಂಪಿಗೂ ಪ್ರತ್ಯೇಕವಾದ ಸಣ್ಣ ಕೊಳವೆಯನ್ನು ಕೊಟ್ಟು ಟರ್ಬೈನಿಗೆ ಒಯ್ಯಬೇಕೆಂಬುದು ಆತನ ಉಪಾಯ. ಈ ವ್ಯವಸ್ಥೆಯನ್ನುಳ್ಳ ಹತ್ತು ಸಿಲಿಂಡರಿನ ಎಂಜಿನುಗಳು ‘ಪ್ರಾಯ್ಸನ್’ ಮತ್ತು ‘ಹಾನ್ಸೆಸ್ಟಾಟ್ ಡಾನ್ಸಿಗ್’ ಎಂಬ ಎರಡು ಜರ್ಮನ್ ಪ್ರಯಾಣಿಕ ಹಡಗುಗಳಲ್ಲಿ ೧೯೨೬ರ ಸುಮಾರಿಗೆ ಸ್ಥಾಪಿತವಾದುವು. ೧೭೫೦ ಅಶ್ವಶಕ್ತಿಯ ಎಂಜಿನು ಇದರಿಂದ ೨೫೦೦ ಅಶ್ವಶಕ್ತಿಯನ್ನು ಕೊಟ್ಟಿತು.

ದೋಷನಿರ್ಣಯಕ್ಕೆ ಈ ಅಧ್ಯಾಯದಿಂದ ದೊರೆತ ಪಾಠ ಸ್ಪಷ್ಟವಾಗಿದೆ. ಒತ್ತಡವು ಹುಟ್ಟುವುದು ಟರ್ಬೋದ ಒಳಗಲ್ಲ, ಅದಕ್ಕೂ ಮೊದಲಿನ ಕೊಳವೆಗಳಲ್ಲಿ. ಸಿಲಿಂಡರಿನ ಬಾಯಿಗೂ ಟರ್ಬೈನಿಗೂ ನಡುವೆ ಇರುವ ಎರಕದ ಕೊಳವೆ ಬಿರುಕು ಬಿಟ್ಟರೆ, ಗ್ಯಾಸ್ಕೆಟ್ಟು ಸುಟ್ಟುಹೋದರೆ, ಹಿಗ್ಗಿ ಕುಗ್ಗುವ ಜೋಡಣೆ ಹರಿದರೆ, ಅನಿಲವು ತನ್ನ ಕೆಲಸವನ್ನು ಮಾಡುವುದಕ್ಕೆ ಮುನ್ನವೇ ಹೊರಗೆ ನುಸುಳುತ್ತದೆ. ಆ ಸಂದಿನ ಸುತ್ತ ಕಪ್ಪು ಮಸಿಯ ಗೆರೆ ಮೂಡುತ್ತದೆ. ಎಂಜಿನು ಭಾರ ಎಳೆಯುವಾಗ ಬುಸುಗುಟ್ಟುವ ಸದ್ದು ಕೇಳುತ್ತದೆ. ಟರ್ಬೈನಿನ ಹಿಂದೆ, ಸೈಲೆನ್ಸರಿನ ಕಡೆಗೆ, ಸೋರಿಕೆಯಿದ್ದರೆ ಒತ್ತಡಕ್ಕೆ ಹಾನಿಯಿಲ್ಲ. ಅಲ್ಲಿ ಕೊಳವೆ ಕಟ್ಟಿಕೊಂಡಿದ್ದರೆ ಮಾತ್ರ ಹಾನಿ. ಸೋರಿಕೆಯೂ ಅಡಚಣೆಯೂ ಎಲ್ಲಿ ಯಾವ ಅರ್ಥವನ್ನು ಪಡೆಯುತ್ತವೆ ಎಂಬುದನ್ನು ಹೀಗೆ ವಿಂಗಡಿಸಿ ನೋಡುವುದು ದೋಷನಿರ್ಣಯದ ಮೊದಲ ಪಾಠ.

೪. ಇಂಡಿಯಾನಾಪೊಲಿಸ್, ೧೯೫೨

ಹಡಗು ಮತ್ತು ವಿದ್ಯುದಾಗಾರಗಳಿಂದ ಟರ್ಬೋಚಾರ್ಜರು ರಸ್ತೆಗೆ ಇಳಿದುದು ನಿಧಾನವಾಗಿ. ಸ್ವಿಸ್ ಸಂಸ್ಥೆಯಾದ ಸೌರರ್ ೧೯೩೮ರಲ್ಲಿ ಲಾರಿಯ ಎಂಜಿನಿಗೆ ಅದನ್ನು ಅಳವಡಿಸಿತು. ಸ್ವೀಡನ್ನಿನ ವೋಲ್ವೋ ೧೯೫೪ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಈ ಎರಡು ಘಟನೆಗಳ ನಡುವೆ ಅಮೆರಿಕದಲ್ಲಿ ನಡೆದ ಒಂದು ಪ್ರಸಂಗವು ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು.

೧೯೫೨ರ ಮೇ ೩೦ರಂದು ಇಂಡಿಯಾನಾಪೊಲಿಸ್ಸಿನ ೫೦೦ ಮೈಲಿಯ ಮೋಟಾರು ಪಂದ್ಯದಲ್ಲಿ ಕಮಿನ್ಸ್ ಸಂಸ್ಥೆಯ ಡೀಸೆಲ್ ಕಾರೊಂದು ಪಾಲುಗೊಂಡಿತು. ಪಂದ್ಯಕ್ಕೆ ಮುಂಚಿನ ಅರ್ಹತಾ ಪರೀಕ್ಷೆಯಲ್ಲಿ ಅದರ ಚಾಲಕ ಫ್ರೆಡ್ ಅಗಬಾಷಿಯನ್ ಗಂಟೆಗೆ ಸರಾಸರಿ ೧೩೮ ಮೈಲಿಯ ವೇಗದಲ್ಲಿ ಓಡಿಸಿ, ಸಾಲಿನ ಮೊದಲ ಸ್ಥಾನವನ್ನು ಗಳಿಸಿದ್ದನು. ಪೆಟ್ರೋಲ್ ಕಾರುಗಳ ನಡುವೆ ಟರ್ಬೋಚಾರ್ಜರ್ ಇದ್ದ ಡೀಸೆಲ್ ಕಾರು ಆ ಸ್ಥಾನವನ್ನು ಪಡೆದುದು ಆಶ್ಚರ್ಯಕರವಾಗಿ ತೋರಿತು. ಆದರೆ ಪಂದ್ಯದ ಎಪ್ಪತ್ತೊಂದನೆಯ ಸುತ್ತಿನ ವೇಳೆಗೆ ಕಾರು ಹಿಂದೆ ಸರಿಯಬೇಕಾಯಿತು. ಎಂಜಿನು ಮುರಿದಿರಲಿಲ್ಲ. ಗಾಳಿಯನ್ನು ಎಳೆದುಕೊಳ್ಳುವ ಬಾಯಿಯನ್ನು ಕಾರಿನ ಮುಂಭಾಗದಲ್ಲಿ ತೀರ ಕೆಳಗೆ ಇರಿಸಲಾಗಿತ್ತು. ಪಂದ್ಯದ ದಾರಿಯಲ್ಲಿ ಟಯರುಗಳಿಂದ ಉದುರಿದ ರಬ್ಬರಿನ ಚೂರುಗಳನ್ನು ಅದು ಹೀರಿಕೊಂಡು, ಟರ್ಬೋಚಾರ್ಜರಿನ ದಾರಿಯೇ ಮುಚ್ಚಿಹೋಗಿತ್ತು.

ಈ ಪ್ರಸಂಗವು ಎರಡು ಕಾರಣಗಳಿಂದ ಗಮನಾರ್ಹವಾಗಿದೆ. ಮೊದಲನೆಯದಾಗಿ, ಅರ್ಹತಾ ಪರೀಕ್ಷೆಯ ನಾಲ್ಕು ಸುತ್ತುಗಳಲ್ಲಿ ಕಾಣದ ದೋಷವು ಎಪ್ಪತ್ತು ಸುತ್ತುಗಳ ದುಡಿಮೆಯಲ್ಲಿ ಕಾಣಿಸಿಕೊಂಡಿತು. ಕ್ರಮೇಣ ಕಟ್ಟಿಕೊಳ್ಳುವ ದೋಷಗಳನ್ನು ಅಲ್ಪಕಾಲದ ಪರೀಕ್ಷೆ ಹಿಡಿಯಲಾರದು. ಎರಡನೆಯದಾಗಿ, ಅತ್ಯಂತ ಸಾಮರ್ಥ್ಯವುಳ್ಳ ಎಂಜಿನಿಯರುಗಳು ರೂಪಿಸಿದ ಯಂತ್ರವು ಸೋತದ್ದು ಅತ್ಯಂತ ಸರಳವಾದ ಎಡೆಯಲ್ಲಿ. ಏರ್ ಫಿಲ್ಟರನ್ನು ಮೊದಲು ನೋಡು ಎಂದು ಹಿರಿಯ ಮೆಕ್ಯಾನಿಕ್ಕರು ಹೊಸಬರಿಗೆ ಹೇಳುವ ಮಾತು ಸಾಮಾನ್ಯವೆಂದು ತೋರಬಹುದು. ಅದಕ್ಕೆ ಇಂಥ ದೃಷ್ಟಾಂತದ ಬೆಂಬಲವುಂಟು. ಧೂಳಿನ ರಸ್ತೆಗಳ ನಮ್ಮ ದೇಶದಲ್ಲಿ ಆ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ.

೫. ಭಾರತದ ರೈಲ್ವೆ ಎಂಜಿನುಗಳು

ಟರ್ಬೋಚಾರ್ಜರ್ ಇದ್ದ ಡೀಸೆಲ್ ಎಂಜಿನುಗಳ ಪರಿಚಯ ನಮ್ಮ ದೇಶದಲ್ಲಿ ವ್ಯಾಪಕವಾಗಿ ಆದದ್ದು ಲಾರಿಗಳ ಮೂಲಕವಲ್ಲ, ರೈಲುಗಳ ಮೂಲಕ. ಲಾರಿಗಳಲ್ಲಿ ಅದು ಸಾಮಾನ್ಯವಾದದ್ದು ಬಹುಮಟ್ಟಿಗೆ ೨೦೦೦ದ ಇಸವಿಯಿಂದೀಚೆಗೆ ಹೊಗೆಯ ನಿಯಮಗಳು ಬಿಗಿಯಾದ ಮೇಲೆ. ಆದರೆ ಅಮೆರಿಕದ ಆಲ್ಕೋ ಸಂಸ್ಥೆಯ ಡಬ್ಲ್ಯುಡಿಎಂ-೨ ಎಂಬ ರೈಲ್ವೆ ಎಂಜಿನುಗಳು ೧೯೬೨ರಲ್ಲಿಯೇ ಬಂದುವು. ೧೯೬೧ರಲ್ಲಿ ಸ್ಥಾಪಿತವಾದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ಕಾರ್ಖಾನೆಯಿಂದ ಮೊದಲ ಎಂಜಿನು ೧೯೬೪ರ ಜನವರಿಯಲ್ಲಿ ಹೊರಬಂದಿತು. ಒಂಬತ್ತು ಅಂಗುಲ ವ್ಯಾಸ, ಹತ್ತೂವರೆ ಅಂಗುಲ ಓಟದ ಹದಿನಾರು ಸಿಲಿಂಡರುಗಳು, ೨೬೦೦ ಅಶ್ವಶಕ್ತಿ. ಇದೇ ಕುಲದ ಆರು ಸಿಲಿಂಡರಿನ ಎಂಜಿನನ್ನುಳ್ಳ ವೈಡಿಎಂ-೪ ನಮ್ಮ ಮೀಟರ್ ಗೇಜ್ ಮಾರ್ಗಗಳಲ್ಲಿ ದುಡಿಯಿತು.

ಈ ಎಂಜಿನುಗಳ ಚರಿತ್ರೆಯಲ್ಲಿ ಒಂದು ವೈಚಿತ್ರ್ಯವುಂಟು. ಮೂಲ ತಯಾರಕರಾದ ಆಲ್ಕೋ ಸಂಸ್ಥೆಯವರು ೧೯೬೯ರಲ್ಲಿ ರೈಲ್ವೆ ಎಂಜಿನುಗಳ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು. ಆ ಬಳಿಕ ಸುಮಾರು ಅರ್ಧ ಶತಮಾನದವರೆಗೆ ಇವುಗಳನ್ನು ಕಟ್ಟಿದವರೂ, ಕೆಟ್ಟಾಗ ಸರಿಪಡಿಸಿದವರೂ, ಸುಧಾರಿಸಿದವರೂ ಬಹುಮಟ್ಟಿಗೆ ಭಾರತೀಯರು. ಹೆಚ್ಚು ಸಮರ್ಥವಾದ ಟರ್ಬೋಚಾರ್ಜರು ಮೊದಲಾದ ಬದಲಾವಣೆಗಳಿಂದ ಅದೇ ಹದಿನಾರು ಸಿಲಿಂಡರಿನ ಎಂಜಿನು ೧೯೯೦ರ ದಶಕದಲ್ಲಿ ೩೧೦೦ ಅಶ್ವಶಕ್ತಿಗೆ ಏರಿತು. ಆದುದರಿಂದ ಈ ಎಂಜಿನಿನ ದೋಷಗಳ ಬಗೆಗಿನ ಅರಿವು ಹೊರಗಿನಿಂದ ಬಂದ ಕೈಪಿಡಿಯಲ್ಲಿ ಮುಗಿಯಲಿಲ್ಲ. ಅದು ನಮ್ಮ ಷೆಡ್ಡುಗಳಲ್ಲಿ ಬೆಳೆಯಿತು.

ಚಾಲಕನ ಮುಂದೆ ‘ಬೂಸ್ಟರ್ ಏರ್ ಪ್ರೆಷರ್’ ಎಂಬ ಗೇಜು ಇರುತ್ತಿತ್ತು. ಇದರ ಓದಿಗೆ ಅರ್ಥ ಬರುವುದು ಎಂಜಿನು ಪೂರ್ಣ ಭಾರವನ್ನು ಎಳೆಯುತ್ತಿರುವಾಗ, ಎಂದರೆ ಎಂಟನೆಯ ನಾಚಿನಲ್ಲಿ. ನಿಂತಲ್ಲಿಯೇ ಬರಿದೆ ತಿರುಗುವ ಎಂಜಿನಿನಲ್ಲಿ ಸುಡುವ ಇಂಧನ ಅಲ್ಪ. ಆದುದರಿಂದ ಒತ್ತಡವೂ ಅಲ್ಪ. ಈ ತೊಡಕನ್ನು ಪರಿಹರಿಸಲು ಷೆಡ್ಡುಗಳಲ್ಲಿ ಲೋಡ್ ಬಾಕ್ಸ್ ಎಂಬ ಪರೀಕ್ಷೆಯನ್ನು ಅನುಸರಿಸುತ್ತಾರೆ. ಎಂಜಿನಿನ ಜನರೇಟರು ಹುಟ್ಟಿಸಿದ ವಿದ್ಯುತ್ತನ್ನು ಹೊರಗಿನ ತಡೆಗಳಲ್ಲಿ ಶಾಖವಾಗಿ ಕಳೆದುಬಿಟ್ಟರೆ, ಗಾಡಿ ಕದಲದೆಯೇ ಪೂರ್ಣ ಭಾರದ ಸ್ಥಿತಿ ಒದಗುತ್ತದೆ. ಬೇರೆ ಬೇರೆ ನಾಚುಗಳಲ್ಲಿ ಅಶ್ವಶಕ್ತಿ, ಒತ್ತಡ, ಹೊಗೆಯ ಬಣ್ಣ, ಹೊರಹೋಗುವ ಅನಿಲದ ಶಾಖ ಇವುಗಳನ್ನು ಒಟ್ಟಿಗೆ ನೋಡಿ ತಾಳೆಹಾಕುವುದು ಆಗ ಸಾಧ್ಯವಾಗುತ್ತದೆ.

ಈ ಸಾಕ್ಷ್ಯಗಳಲ್ಲಿ ಹೊಗೆಗೆ ವಿಶೇಷ ಸ್ಥಾನವಿದೆ. ಇಂಧನವು ಸರಿಯಾದ ಪ್ರಮಾಣದಲ್ಲಿ ಬಂದು ಗಾಳಿ ಮಾತ್ರ ಕಡಿಮೆಯಾದರೆ, ಸುಡದೆ ಉಳಿದ ಇಂಗಾಲವು ಕಪ್ಪು ಹೊಗೆಯಾಗಿ ಹೊಮ್ಮುತ್ತದೆ. ಅನಿಲದ ಶಾಖವೂ ಏರುತ್ತದೆ. ಇಂಧನವೇ ಕಡಿಮೆಯಾಗಿ ಅದರಿಂದ ಒತ್ತಡ ಇಳಿದಿದ್ದರೆ, ಕಪ್ಪು ಹೊಗೆ ಕಾಣುವುದಿಲ್ಲ. ಎಂಜಿನು ಸದ್ದಿಲ್ಲದೆ ಬಲಗುಂದಿರುತ್ತದೆ. ಮೇಲೆ ಹೇಳಿದ ವರ್ತುಲವನ್ನು ಎರಡಾಗಿ ಒಡೆಯುವ ಉಪಾಯ ಇದೇ. ಅಗ್ಗವಾದ ಉಪಕರಣವೂ ಬೇಕಿಲ್ಲದ ಈ ಪರೀಕ್ಷೆಯು ದೋಷವನ್ನು ಗಾಳಿಯ ಪಕ್ಷಕ್ಕೋ ಇಂಧನದ ಪಕ್ಷಕ್ಕೋ ಸೇರಿಸಿ, ಅರ್ಧದಷ್ಟು ಹುಡುಕಾಟವನ್ನು ತಪ್ಪಿಸುತ್ತದೆ.

ಟರ್ಬೋಚಾರ್ಜರಿನ ಆರೋಗ್ಯವನ್ನು ಅದನ್ನು ಬಿಚ್ಚದೆ ತಿಳಿಯುವ ಇನ್ನೊಂದು ಪರೀಕ್ಷೆಯೂ ಷೆಡ್ಡುಗಳಲ್ಲಿ ರೂಢಿಯಲ್ಲಿದೆ. ಎಂಜಿನನ್ನು ನಿಲ್ಲಿಸಿದ ಮೇಲೆ ಟರ್ಬೋದ ಚಕ್ರವು ತನ್ನ ವೇಗದಿಂದಲೇ ಕೆಲವು ಕಾಲ ತಿರುಗುತ್ತಿರುತ್ತದೆ. ಅದು ನಿಲ್ಲುವವರೆಗಿನ ಅವಧಿಯನ್ನು ಗಡಿಯಾರದಿಂದ ಅಳೆದು ನಿಯಮಿತ ಅವಧಿಯೊಡನೆ ಹೋಲಿಸುತ್ತಾರೆ. ಬೇಗನೆ ನಿಂತರೆ ಬೇರಿಂಗ್ ಬಿಗಿದಿದೆ, ಇಲ್ಲವೆ ಚಕ್ರದ ಅಲಗು ಕವಚಕ್ಕೆ ತಗುಲುತ್ತಿದೆ ಎಂದು ಊಹಿಸಬಹುದು. ಅವಧಿ ಸರಿಯಾಗಿದ್ದು ಒತ್ತಡ ಮಾತ್ರ ಕಡಿಮೆಯಿದ್ದರೆ, ದೋಷವನ್ನು ಮೊದಲು ಬೇರೆಡೆ ಹುಡುಕುವುದೇ ಉಚಿತ.

ಸಮತಟ್ಟಾದ ದಾರಿಯಲ್ಲಿ ಮರೆಯಾಗಿರುವ ದೌರ್ಬಲ್ಯವು ಘಟ್ಟದಲ್ಲಿ ಬಯಲಾಗುತ್ತದೆ. ೧೯೭೯ರಲ್ಲಿ ಮೀಟರ್ ಗೇಜ್ ಮಾರ್ಗವಾಗಿ ತೆರೆದ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ದಾರಿಯನ್ನು ಇದಕ್ಕೆ ನಿದರ್ಶನವಾಗಿ ಕೊಡಬಹುದು. ಐವತ್ತಕ್ಕೆ ಒಂದರ ಏರು, ೫೭ ಸುರಂಗಗಳು. ಇಂಥ ಏರಿನಲ್ಲಿ ಎಂಜಿನು ಬಹಳ ಹೊತ್ತು ಪೂರ್ಣ ಭಾರದಲ್ಲಿ ದುಡಿಯಬೇಕು; ಸುರಂಗದೊಳಗೆ ತನ್ನದೇ ಬಿಸಿಗಾಳಿಯನ್ನೂ ಹೊಗೆಯನ್ನೂ ಮತ್ತೆ ಎಳೆದುಕೊಳ್ಳಬೇಕು. ಬಿಸಿಗಾಳಿಯ ಸಾಂದ್ರತೆ ಕಡಿಮೆ. ಆದುದರಿಂದ ಗೇಜಿನ ಒತ್ತಡ ಒಂದೇ ಆಗಿ ಕಂಡರೂ ಸಿಲಿಂಡರಿಗೆ ದೊರೆಯುವ ಪ್ರಾಣವಾಯು ಕಡಿಮೆ. ಇಂಥ ಎಡೆಯಲ್ಲಿ ಬಲಗುಂದಿದ ಎಂಜಿನು ಚಾಲಕನಿಗೆ ಬರಿಯ ಲೆಕ್ಕದ ವಿಷಯವಾಗಿರಲಿಲ್ಲ; ಏರಿನ ನಡುವೆ ನಿಂತುಬಿಡಬಹುದಾದ ಗಾಡಿಯ ಪ್ರಶ್ನೆಯಾಗಿತ್ತು.

೧೯೯೯ರಿಂದ ಹುಬ್ಬಳ್ಳಿಯ ಷೆಡ್ಡಿಗೆ ಬಂದ ಡಬ್ಲ್ಯುಡಿಜಿ-೪ ಎಂಜಿನುಗಳು ಬೇರೊಂದು ಪರಂಪರೆಯವು. ಅಮೆರಿಕದ ಇಎಂಡಿ ಸಂಸ್ಥೆಯ ಈ ಎಂಜಿನು ಎರಡು ಹೊಡೆತದ ಕ್ರಮದ್ದು. ಒತ್ತಿದ ಗಾಳಿಯಿಲ್ಲದೆ ಅದು ಚಾಲನೆಗೊಳ್ಳುವುದೇ ಇಲ್ಲ. ಆದುದರಿಂದ ಕಡಿಮೆ ಭಾರದಲ್ಲಿ ಟರ್ಬೋವನ್ನು ಎಂಜಿನೇ ಗೇರುಗಳಿಂದ ತಿರುಗಿಸುತ್ತದೆ. ಅನಿಲದ ಬಲ ಸಾಕಷ್ಟು ಬಂದ ಮೇಲೆ ಒಂದು ಕ್ಲಚ್ಚು ಅದನ್ನು ಬಿಡುಗಡೆ ಮಾಡುತ್ತದೆ. ಲಕ್ಷಣ ಒಂದೇ ಆದರೂ ಸಂದೇಹಿಸಬೇಕಾದ ಭಾಗಗಳು ಇಲ್ಲಿ ಬೇರೆಯಾದುವು. ಆಲ್ಕೋ ಎಂಜಿನಿನಲ್ಲಿ ಪಳಗಿದವನ ಅರಿವು ಹೊಸ ಎಂಜಿನಿಗೆ ಪೂರ್ತಿಯಾಗಿ ಸಲ್ಲಲಿಲ್ಲ.

೬. ಸಂಕೇತದ ಕೊಳವೆ

ಮೂರನೆಯ ಬಗೆಯ ದೋಷವು ಕಾರುಗಳ ಚರಿತ್ರೆಯಲ್ಲಿ ಕಾಣಿಸಿಕೊಂಡಿತು. ಮರ್ಸಿಡಿಸ್-ಬೆಂಜ್ ಸಂಸ್ಥೆಯು ೧೯೭೮ರಲ್ಲಿ ಉತ್ತರ ಅಮೆರಿಕದ ಮಾರುಕಟ್ಟೆಗೆ ೩೦೦ ಎಸ್‌ಡಿ ಎಂಬ ಕಾರನ್ನು ಬಿಡುಗಡೆ ಮಾಡಿತು. ಐದು ಸಿಲಿಂಡರಿನ ಒಎಂ೬೧೭ ಎಂಬ ಅದರ ಎಂಜಿನಿಗೆ ಟರ್ಬೋಚಾರ್ಜರನ್ನು ಜೋಡಿಸಲಾಗಿತ್ತು. ದೀರ್ಘಾಯುಸ್ಸಿಗೆ ಹೆಸರಾದ ಈ ಎಂಜಿನುಗಳಲ್ಲಿ ಹಲವು ಇಂದಿಗೂ ಓಡುತ್ತಿವೆ. ಎತ್ತರದ ಪ್ರದೇಶಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಇಂಧನವನ್ನು ಅದಕ್ಕೆ ತಕ್ಕಂತೆ ತಗ್ಗಿಸುವುದಕ್ಕೂ, ಬೂಸ್ಟ್ ಒತ್ತಡ ಏರಿದಾಗ ಇಂಧನವನ್ನು ಏರಿಸುವುದಕ್ಕೂ ಇಂಧನದ ಪಂಪಿನ ಮೇಲೆ ಒಂದು ಸಣ್ಣ ಸಾಧನವಿತ್ತು. ಗಾಳಿಯ ಮ್ಯಾನಿಫೋಲ್ಡಿನಿಂದ ಒಂದು ಕಿರಿದಾದ ಕೊಳವೆ ಒತ್ತಡದ ವರ್ತಮಾನವನ್ನು ಆ ಸಾಧನಕ್ಕೆ ಮುಟ್ಟಿಸುತ್ತಿತ್ತು.

ವರ್ಷಗಳು ಕಳೆದಂತೆ, ಆ ಕೊಳವೆಯು ಮ್ಯಾನಿಫೋಲ್ಡಿಗೆ ಸೇರುವ ಎಡೆಯಲ್ಲಿನ ತೂತುಳ್ಳ ಬೋಲ್ಟು ಮಸಿಯಿಂದ ಮುಚ್ಚಿಹೋಗುತ್ತಿತ್ತು. ಟರ್ಬೋಚಾರ್ಜರು ಸರಿಯಾಗಿಯೇ ಗಾಳಿಯನ್ನು ಒತ್ತುತ್ತಿದ್ದರೂ ಪಂಪಿಗೆ ಆ ಸುದ್ದಿ ತಲುಪುತ್ತಿರಲಿಲ್ಲ. ಒತ್ತಡವೇ ಇಲ್ಲವೆಂಬಂತೆ ಪಂಪು ಇಂಧನವನ್ನು ಬಿಗಿಹಿಡಿಯುತ್ತಿತ್ತು. ಇಂಧನ ಕಡಿಮೆಯಾದುದರಿಂದ ಅನಿಲದ ಬಲವೂ ಕುಗ್ಗಿ, ಕೊನೆಗೆ ನಿಜವಾದ ಒತ್ತಡವೂ ಇಳಿಯುತ್ತಿತ್ತು. ಹೊಗೆಯ ಸಾಕ್ಷ್ಯವೊಂದನ್ನೇ ನಂಬಿದವನು ಇಲ್ಲಿ ಇಂಧನದ ಫಿಲ್ಟರನ್ನು ಬದಲಾಯಿಸಿ ಕೈಚೆಲ್ಲಬೇಕಾಗುತ್ತಿತ್ತು. ಒಂದು ಗೇಜನ್ನು ಮ್ಯಾನಿಫೋಲ್ಡಿನಲ್ಲಿಯೂ ಮತ್ತೊಮ್ಮೆ ಕೊಳವೆಯ ಕೊನೆಯಲ್ಲಿಯೂ ಇಟ್ಟು ಎರಡು ಓದುಗಳನ್ನು ಹೋಲಿಸಿದಾಗ ಮಾತ್ರ ಸತ್ಯ ತಿಳಿಯುತ್ತಿತ್ತು. ಬೋಲ್ಟನ್ನು ಬಿಚ್ಚಿ ಮಸಿಯನ್ನು ತೆಗೆದರೆ ಎಂಜಿನಿನ ಬಲ ಮರಳುತ್ತಿತ್ತು.

ಒತ್ತಡ ಮಿತಿಮೀರದಂತೆ ಅನಿಲವನ್ನು ಬದಿಗೆ ಬಿಡುವ ವೇಸ್ಟ್‌ಗೇಟ್ ಎಂಬ ಕದ ಈ ಕಾರುಗಳಲ್ಲಿತ್ತು. ಆಲ್ಕೋ ರೈಲ್ವೆ ಎಂಜಿನುಗಳಲ್ಲಿ ಅದು ಇರಲಿಲ್ಲ. ಆ ಕದ ಪೂರ್ತಿ ಮುಚ್ಚದೆ ನಿಂತರೂ ಒತ್ತಡ ಇಳಿಯುತ್ತದೆ. ೧೯೯೦ರ ದಶಕದಿಂದ ಕಾರುಗಳಲ್ಲಿ ಹಬ್ಬಿದ, ಅಲಗುಗಳ ಕೋನವನ್ನು ಬದಲಾಯಿಸುವ ಟರ್ಬೋಗಳಲ್ಲಿ ಮಸಿಯಿಂದ ಅಲಗುಗಳು ಅಂಟಿಕೊಳ್ಳುವುದೂ, ಅವುಗಳನ್ನು ಎಳೆಯುವ ನಿರ್ವಾತದ ರಬ್ಬರ್ ಕೊಳವೆ ಸೀಳುವುದೂ ಈ ವರ್ಗಕ್ಕೆ ಸೇರಿದ ದೋಷಗಳೇ. ಯಂತ್ರವು ತನ್ನನ್ನು ತಾನೇ ನಿಯಂತ್ರಿಸಿಕೊಳ್ಳಲು ಕಲಿತಂತೆ, ನಿಯಂತ್ರಣದ ದಾರಿಯೂ ಕೆಡಬಹುದಾದ ಒಂದು ಎಡೆಯಾಯಿತು.

೭. ಪರೀಕ್ಷೆಯ ಕ್ರಮ ಮತ್ತು ಅದರ ನ್ಯಾಯ

ಮೇಲಿನ ವಿಚಾರಗಳನ್ನು ಕ್ರೋಡೀಕರಿಸಿದರೆ, ಹಳೆಯ ಎಂಜಿನಿನ ಪರೀಕ್ಷೆಯ ಕ್ರಮ ಹೀಗೆ ನಿಲ್ಲುತ್ತದೆ. ಮೊದಲು ದೂರು ನಿಜವೇ ಎಂದು ನಂಬಿಕೆಗೆ ಅರ್ಹವಾದ ಗೇಜಿನಿಂದ, ಪೂರ್ಣ ಭಾರದಲ್ಲಿ ಅಳೆಯಬೇಕು. ಬೆಂಗಳೂರಿನಂತೆ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿ ವಾತಾವರಣದ ಒತ್ತಡವೇ ಹತ್ತನೆಯ ಒಂದು ಪಾಲಿನಷ್ಟು ಕಡಿಮೆಯೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎರಡನೆಯದಾಗಿ ಹೊಗೆಯ ಬಣ್ಣವನ್ನು ನೋಡಬೇಕು. ಮೂರನೆಯದಾಗಿ ಏರ್ ಫಿಲ್ಟರು ಮತ್ತು ಅದರಿಂದ ಟರ್ಬೋವರೆಗಿನ ದಾರಿ. ಈ ಭಾಗದ ಮೆತ್ತನೆಯ ಹೋಸುಗಳು ನಿಂತಾಗ ಸರಿಯಾಗಿ ಕಂಡು, ಎಂಜಿನು ಎಳೆಯುವಾಗ ಒಳಕ್ಕೆ ಕುಸಿಯುವುದುಂಟು. ನಾಲ್ಕನೆಯದಾಗಿ ಟರ್ಬೋದಿಂದ ಸಿಲಿಂಡರಿನವರೆಗಿನ ಹೋಸುಗಳು, ಕ್ಲಿಪ್ಪುಗಳು, ಗಾಳಿಯನ್ನು ತಣಿಸುವ ಕೂಲರು. ಇವುಗಳಿಗೆ ಸಾಬೂನಿನ ನೀರನ್ನು ಹಚ್ಚಿ, ಹೊರಗಿನಿಂದ ಹಿತಮಿತವಾಗಿ ಗಾಳಿ ತುಂಬಿದರೆ ಸೋರಿಕೆ ಗುಳ್ಳೆಯಾಗಿ ಕಾಣುತ್ತದೆ. ಐದನೆಯದಾಗಿ ಟರ್ಬೈನಿಗೆ ಮೊದಲಿನ ಅನಿಲದ ಕೊಳವೆಗಳು ಮತ್ತು ಅದರ ಅನಂತರದ ಸೈಲೆನ್ಸರು. ಆರನೆಯದಾಗಿ ಇಂಧನದ ಫಿಲ್ಟರು, ಪಂಪು ಮತ್ತು ಆಕ್ಸಿಲರೇಟರು ಪೂರ್ಣವಾಗಿ ತೆರೆಯುತ್ತದೆಯೇ ಎಂಬುದು. ಏಳನೆಯದಾಗಿ ಸಂಕೇತದ ಕೊಳವೆಗಳು ಮತ್ತು ವೇಸ್ಟ್‌ಗೇಟ್.

ಟರ್ಬೋಚಾರ್ಜರು ಈ ಪಟ್ಟಿಯಲ್ಲಿ ಕೊನೆಗೆ ಬರುವುದಕ್ಕೆ ಎರಡು ಕಾರಣಗಳಿವೆ. ಅದು ಬೆಲೆಯುಳ್ಳದ್ದು, ಕಳಚುವುದೂ ಶ್ರಮದ ಕೆಲಸ. ಅದಕ್ಕಿಂತ ಮುಖ್ಯವಾಗಿ, ಅದು ಕೆಟ್ಟಿದ್ದರೂ ಬಹುಪಾಲು ತಾನಾಗಿ ಕೆಟ್ಟಿರುವುದಿಲ್ಲ. ಸಣ್ಣ ಟರ್ಬೋಗಳ ದಂಡವು ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ, ಎಣ್ಣೆಯ ತೆಳುವಾದ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಆದುದರಿಂದ ಬೆರಳಿನಿಂದ ಅಲುಗಿಸಿದಾಗ ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಉದ್ದಕ್ಕೆ ಹಿಂದೆ ಮುಂದೆ ಆಡಿದರೆ, ಅಥವಾ ಅಲಗು ಕವಚವನ್ನು ಉಜ್ಜಿದ ಗುರುತಿದ್ದರೆ ದೋಷ. ಎಣ್ಣೆಯ ಕೊಳವೆ ಕಟ್ಟಿಕೊಂಡುದು, ಎಂಜಿನು ಕಾದಿರುವಾಗಲೇ ತಟ್ಟನೆ ನಿಲ್ಲಿಸಿದುದರಿಂದ ಎಣ್ಣೆ ಇದ್ದಿಲುಗಟ್ಟಿದುದು, ಫಿಲ್ಟರಿನ ಸಂದಿನಿಂದ ಧೂಳು ನುಗ್ಗಿದುದು, ಇವೇ ಬೇರಿಂಗು ಮತ್ತು ಅಲಗುಗಳ ನಾಶಕ್ಕೆ ಸಾಮಾನ್ಯ ಕಾರಣಗಳು. ಮೂಲವನ್ನು ಸರಿಪಡಿಸದೆ ಹೊಸ ಟರ್ಬೋವನ್ನು ಕೂರಿಸಿದರೆ ಅದೂ ಅದೇ ದಾರಿಯನ್ನು ಹಿಡಿಯುತ್ತದೆ. ಒಂದೇ ಲಾರಿಯನ್ನು ನಂಬಿ ಬದುಕುವ ಮಾಲೀಕನಿಗೆ ಈ ತಪ್ಪು ನಿರ್ಣಯವು ಎರಡು ಸಲದ ವೆಚ್ಚವನ್ನೂ, ಗಾಡಿ ನಿಂತ ದಿನಗಳ ಸಂಪಾದನೆಯನ್ನೂ ಕಸಿಯುತ್ತದೆ.

೮. ಉಪಸಂಹಾರ

ಪರೀಕ್ಷೆಯ ಈ ಕ್ರಮವನ್ನು ಯಾವನೊಬ್ಬ ವಿದ್ವಾಂಸನೂ ಒಂದೇ ಸಲಕ್ಕೆ ರಚಿಸಲಿಲ್ಲ. ಸ್ವಿಟ್ಜರ್ಲೆಂಡಿನ ಪ್ರಯೋಗಶಾಲೆ, ಅಮೆರಿಕದ ಪಂದ್ಯದ ಮೈದಾನ, ಭಾರತದ ರೈಲ್ವೆ ಷೆಡ್ಡು ಇವೆಲ್ಲ ಅದಕ್ಕೆ ತಮ್ಮ ತಮ್ಮ ಪಾಲನ್ನು ಸೇರಿಸಿವೆ. ಇವುಗಳಲ್ಲಿ ಮೊದಲ ಎರಡರ ಪಾಲು ಪೇಟೆಂಟುಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಅಚ್ಚಾಗಿ ಉಳಿದಿದೆ. ಮೂರನೆಯದರ ಪಾಲಾದರೋ ಲೋಡ್ ಬಾಕ್ಸಿನ ಹಾಳೆಗಳಲ್ಲಿ, ಚಾಲಕರ ದೂರಿನ ಪುಸ್ತಕಗಳಲ್ಲಿ, ಮತ್ತು ಕೆಲಸದಿಂದ ನಿವೃತ್ತರಾದವರ ನೆನಪಿನಲ್ಲಿ ಮಾತ್ರ ಇದೆ.

ವಾರಾಣಸಿಯ ಕಾರ್ಖಾನೆಗೆ ೨೦೨೦ರಲ್ಲಿ ಬನಾರಸ್ ಲೋಕೋಮೋಟಿವ್ ಕಾರ್ಖಾನೆ ಎಂದು ಹೆಸರು ಬದಲಾಯಿತು; ಈಗ ಅದು ಮುಖ್ಯವಾಗಿ ವಿದ್ಯುತ್ ಎಂಜಿನುಗಳನ್ನು ಕಟ್ಟುತ್ತಿದೆ. ಬ್ರಾಡ್ ಗೇಜ್ ಮಾರ್ಗಗಳ ಬಹುಭಾಗ ವಿದ್ಯುದೀಕರಣಗೊಂಡಿದೆ. ಆಲ್ಕೋ ಕುಲದ ಎಂಜಿನುಗಳು ಒಂದೊಂದಾಗಿ ಸೇವೆಯಿಂದ ನಿವೃತ್ತವಾಗುತ್ತಿವೆ. ಎಂಜಿನುಗಳಲ್ಲಿ ಕೆಲವನ್ನು ವಸ್ತುಸಂಗ್ರಹಾಲಯಗಳು ಕಾಪಾಡಬಹುದು. ಆದರೆ ದೂರಿನ ಪುಸ್ತಕವನ್ನು ಕಾಪಾಡುವ ಸಂಕಲ್ಪವನ್ನು ಯಾರಾದರೂ ಮಾಡದಿದ್ದರೆ ಅದು ರದ್ದಿಗೆ ಸೇರುತ್ತದೆ. ಯಾವ ವರ್ಷ ಯಾವ ದೋಷ ಹೆಚ್ಚಾಯಿತು, ಯಾವ ಮಾರ್ಗದಲ್ಲಿ ಯಾವ ಭಾಗ ಮೊದಲು ಸೋತಿತು, ಒಂದು ನಿರ್ಣಯ ತಪ್ಪಾದಾಗ ಮುಂದೆ ಏನಾಯಿತು ಎಂಬ ವಿಷಯಗಳಿಗೆ ಅಂಥ ಪುಸ್ತಕಕ್ಕಿಂತ ಮಿಗಿಲಾದ ಆಕರ ನಮಗೆ ದೊರೆಯಲಾರದು.

ಆದುದರಿಂದ ಕರ್ನಾಟಕದ ವಿಶ್ವವಿದ್ಯಾನಿಲಯಗಳ ಇತಿಹಾಸ ವಿಭಾಗಗಳು ಹುಬ್ಬಳ್ಳಿ ಮತ್ತು ಕೃಷ್ಣರಾಜಪುರಂ ಷೆಡ್ಡುಗಳ ಇಂಥ ದಾಖಲೆಗಳ ಪಟ್ಟಿಯನ್ನು ತಯಾರಿಸಲು ರೈಲ್ವೆಯ ಅನುಮತಿಯನ್ನು ಕೋರುವುದು ಯೋಗ್ಯವೆಂದು ನಾವು ಭಾವಿಸುತ್ತೇವೆ. ನಿವೃತ್ತ ಚಾಲಕರ ಮತ್ತು ಕೆಲಸಗಾರರ ಹೇಳಿಕೆಗಳನ್ನು ಅವರು ಬಳಸುವ ಮಾತುಗಳಲ್ಲಿಯೇ ಬರೆದುಕೊಳ್ಳುವುದೂ ಈ ಕೆಲಸಕ್ಕೆ ಸೇರಿರಬೇಕು. ಸದ್ದು, ಹೊಗೆ, ಎಣ್ಣೆಯ ಅಂಟು ಇವುಗಳಿಂದ ಕಾರಣವನ್ನು ಊಹಿಸಿ, ಆ ಊಹೆಯನ್ನು ಪರೀಕ್ಷೆಗೆ ಒಡ್ಡಿ ನಿಜವನ್ನು ಕಂಡುಕೊಂಡವರ ಕೆಲಸವು ಚರಿತ್ರಕಾರನ ಕೆಲಸಕ್ಕೆ ದೂರವಾದುದಲ್ಲ. ಅವರ ವಿಧಾನವನ್ನು ಅವರಿಂದಲೇ ಕೇಳಿ ತಿಳಿಯುವ ಅವಕಾಶ ಇನ್ನು ಕೆಲವೇ ವರ್ಷಗಳವರೆಗೆ ನಮಗಿದೆ.